ಕರ್ಪೂರದ ವಾಸನೆಯ ಅಗ್ಗಣಿ

ಅತ್ತೆಗೆ ಮೊದಲು ಬಂದದ್ದು ತಲೆಸುತ್ತು. ಲಿಂಗಪೂಜೆ ಮುಗಿಸಿ ಏಳುವಾಗ ಗೋಡೆ ಹಿಡಿದರು. ವಯಸ್ಸಾಯಿತು ಅಂದುಕೊಂಡೆವು. ಆಮೇಲೆ ವಾಂತಿ. ಬೀದರ್ ಬಿಟ್ಟು ಮಹಾರಾಷ್ಟ್ರದ ಸಿನ್ನರ್‌ಗೆ ಬಂದರೂ ಜೋಳದ ರೊಟ್ಟಿ ಬಿಡದ ಹೆಂಗಸು, ಗಂಜಿ ಕಂಡರೂ ಮುಖ ತಿರುಗಿಸತೊಡಗಿದರು.

ನಾಶಿಕದ ಆಸ್ಪತ್ರೆಗೆ ಅಡ್ಮಿಟ್ ಮಾಡಿದೆವು. ಸಲೈನ್, ಬ್ಲಡ್ ಟೆಸ್ಟ್, ತಲೆಯ ಸ್ಕ್ಯಾನ್. ಎಲ್ಲ ನಾರ್ಮಲ್. ಮೆಲ್ಲಗೆ ಚೇತರಿಸಿಕೊಂಡು ನರ್ಸುಗಳನ್ನು ಗದರಿಸುವ ಮಟ್ಟಕ್ಕೆ ಬಂದರು. ನಮಗೆ ಹೋದ ಜೀವ ಬಂದಂತಾಯಿತು.

ಮತ್ತೆ ವಾಂತಿ ಶುರುವಾಯಿತು.

ನಡುವೆ ಆದದ್ದು ಇಷ್ಟೇ. ಎದ್ದು ಕೂರುವಷ್ಟು ಶಕ್ತಿ ಬಂದೊಡನೆ ಅತ್ತೆ ಅಗ್ಗಣಿ ಕೇಳಿದ್ದರು. ಪೂಜೆಗೆ ಮಡಿಯಿಂದ ಹಿಡಿದ ನೀರಿಗೆ ನಮ್ಮಲ್ಲಿ ಹಾಗೆನ್ನುತ್ತೇವೆ. ನಾವೆಲ್ಲ ನಲ್ಲಿ ನೀರು ಬಳಸುತ್ತೇವೆ. ದೀಕ್ಷೆ ಪಡೆದ ಅತ್ತೆಗೆ ಮಾತ್ರ ಪೂಜೆಗೂ ಕುಡಿಯಲಿಕ್ಕೂ ಹಿತ್ತಲಿನ ಕೈಪಂಪಿನ ನೀರೇ ಆಗಬೇಕು. ಆ ಕೊಡವನ್ನು ನಾನು ಮುಟ್ಟುವಂತಿರಲಿಲ್ಲ. ನನ್ನ ಗಂಡ ಸ್ನಾನ ಮಾಡಿ, ನೀರು ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಆಸ್ಪತ್ರೆಗೆ ತಂದಿದ್ದರು.

“ಈ ವರ್ಷ ನೀರಿಗಿ ಕರ್ಪೂರದ ವಾಸ್ನಿ ಬರ್ತದ ನೋಡವಾ. ಶಿವನೇ ಮನಿಗಿ ಬಂದಂಗ ಅದ,” ಎಂದರು ಅತ್ತೆ, ವಾಂತಿಯ ಸುಸ್ತಿನಲ್ಲೂ ನಕ್ಕು.

ನಾನು ಥಟ್ಟನೆ ಕೊಡದ ಕಡೆ ತಿರುಗಿದೆ.

ನಾನು ಮಣ್ಣು, ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಂಥದೇ ವಾಸನೆ ಇಲ್ಲೇ ನಾಶಿಕದ ಗಂಗಾಪುರದ ಹತ್ತಿರದ ಒಂದು ಬಾವಿಯಲ್ಲಿ ಬಂದಿತ್ತು. ಪೆಟ್ರೋಲ್ ಚೆನ್ನಾಗಿ ಉರಿಯಲೆಂದು ಬೆರೆಸುವ ಎಂಟಿಬಿಇ ಎಂಬ ದ್ರವದ್ದು. ನೆಲದಡಿಯ ಟ್ಯಾಂಕ್ ಸೋರಿದರೆ ಇದು ನೀರಿನಲ್ಲಿ ಕರಗಿ ಪೆಟ್ರೋಲಿಗಿಂತ ಮುಂದೆ ಓಡುತ್ತದೆ. ನಮ್ಮ ಹಿತ್ತಲಿನ ಗೋಡೆಯಾಚೆಗೇ ಹಳೆಯ ಪೆಟ್ರೋಲ್ ಪಂಪ್ ಇದೆ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಮ್ಮನೆ ಅಲ್ಲ.

ಕೊಡದ ಬಟ್ಟೆ ಬಿಚ್ಚಿ ಬಗ್ಗಿದೆ.

“ಮೂಸಬ್ಯಾಡ! ಮೂಸಿದ್ದು ಲಿಂಗಕ್ಕ ನಡೆಯಲ್ಲ!” ಅತ್ತೆ ಕಿರುಚಿದರು.

ಮೂಸಿದೆ. ಅದೇ ವಾಸನೆ. ಅವರು ವಾಸಿಯಾಗಲೆಂದು ಬಂದ ಜಾಗಕ್ಕೂ ಆ ನೀರನ್ನು ನಾವೇ ಮಡಿಯಿಂದ ಹೊತ್ತು ತಂದಿದ್ದೆವು.

ನಮ್ಮ ಲ್ಯಾಬಿನವರು ಮನೆಗೆ ಬಂದರು. ಒಂದು ಗುಳ್ಳೆಯೂ ಉಳಿಯದಂತೆ ಬಾಟಲಿಗೆ ನೀರು ತುಂಬಿದರು. ಗಾಳಿ ಉಳಿದರೆ ಆ ದ್ರವ ಆವಿಯಾಗಿ ತಪ್ಪಿಸಿಕೊಳ್ಳುತ್ತದೆ. ಪೆಟ್ರೋಲ್ ಪಂಪಿನ ಗೋಡೆಯಿಂದ ನಮ್ಮ ಕೈಪಂಪಿನವರೆಗೆ ಅಲ್ಲಲ್ಲಿ ನೆಲ ಕೊರೆದು ಮಣ್ಣು ತೆಗೆದರು. ಎಷ್ಟೋ ಜನರ ಅಂಗಳದಲ್ಲಿ ನಾನೇ ನಿಂತು ಮಾಡಿಸಿದ ಕೆಲಸ. ನಾನು ಬಟ್ಟೆ ಒಣಹಾಕುವ ಜಾಗ ಕೊರೆಯುವಾಗ ಮಾತ್ರ ನಿಲ್ಲಲಾಗಲಿಲ್ಲ, ಒಳಗೆ ಹೋಗಿ ಅತ್ತುಬಿಟ್ಟೆ. ಮಣ್ಣಿನಲ್ಲೂ ನೀರಿನಲ್ಲೂ ಅದು ಇದೆ ಎಂದು ರಿಪೋರ್ಟ್ ಬಂತು. ಕೈಪಂಪಿನ ಹಿಡಿಕೆ ಬಿಚ್ಚಿಸಿದೆವು.

ಇದರಿಂದಲೇ ಆಯಿತೆಂದು ಖಚಿತವಾಗಿ ಹೇಳಲಾರೆ ಎಂದರು ಡಾಕ್ಟರ್. ಆ ನೀರು ನಿಲ್ಲಿಸಿ, ಕಾದು ನೋಡೋಣ ಎಂದರು. ನಿಲ್ಲಿಸಿದೆವು. ವಾಂತಿ ನಿಂತಿತು, ಮನೆಗೆ ಕರೆತಂದೆವು. ತಲೆಸುತ್ತು ಆಗೊಮ್ಮೆ ಈಗೊಮ್ಮೆ ಬರುತ್ತದೆ. ಫಾಲೋ-ಅಪ್ ಇನ್ನೂ ಇದೆ, ಭಯವೂ ಇದೆ. ಆದರೂ ಮೊನ್ನೆ ಅರ್ಧ ರೊಟ್ಟಿ ತಿಂದರು. ಅಷ್ಟಕ್ಕೇ ಶಿವನಿಗೆ ಕೈಮುಗಿದೆ.

ನಲ್ಲಿ ನೀರಿನಲ್ಲಿ ಪೂಜೆಯೇ ಎಂದು ಬಹಳ ಗೊಣಗಿದರು. ಇವತ್ತು ಬೆಳಿಗ್ಗೆ ಪೂಜೆಗೆ ಕೂತವರು ನನ್ನನ್ನು ಕರೆದು, ಅಗ್ಗಣಿಯ ತಂಬಿಗೆಯನ್ನು ನನ್ನ ಮುಂದೆ ಹಿಡಿದರು.

“ಮೊದಲ ನೀ ಮೂಸಿ ನೋಡವಾ. ಆಮ್ಯಾಲ ಲಿಂಗಕ್ಕ ಹಾಕ್ತೀನಿ.”

ಬಗ್ಗಿ ಮೂಸಿದೆ. “ಬರೇ ನೀರ ಅದರಿ, ಅತ್ತೀ.”