ವೀರಗಲ್ಲಿನ ಮೇಲಿನ ಎಣ್ಣೆ

ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮುಂಬೈಯ ವಡಾಲದ ಕನ್ನಡ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ದೇವರ ಫೋಟೋದಿಂದ ವಿಭೂತಿ ಉದುರಿತು ಎಂದ ನೆರೆಮನೆಯವರ ಬಾಯಿ ಮುಚ್ಚಿಸಿದ್ದೇನೆ. ಹಾಗಾಗಿ ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಸಿಟ್ಟು ಬಂದರೆ ಸಹಿಸಿಕೊಳ್ಳಿ, ನಾಲ್ಕು ವರ್ಷವಾದರೂ ಅದು ಇಳಿದಿಲ್ಲ.

ನಾಲ್ಕನೆಯ ತರಗತಿಯ ಹದಿನಾರು ಮಕ್ಕಳನ್ನು ಲೋಕಲ್ ರೈಲು ಹತ್ತಿಸಿಕೊಂಡು ಮ್ಯೂಸಿಯಮ್ಮಿಗೆ ಹೋಗಿದ್ದೆ. ಎಲ್ಲರೂ ಧಾರಾವಿಯವರು, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಗೇಟಿನಲ್ಲಿ 'ಮಕ್ಕಳಿಗೆ ಪ್ರವೇಶ ಉಚಿತ' ಎಂದು ದೊಡ್ಡ ಬೋರ್ಡು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಅದನ್ನು ಅಲ್ಲಿ ಕಂಡೆ. ಶಿಲ್ಪಗಳ ಹಾಲ್‌ನೊಳಗೆ ವಿಷ್ಣು, ದುರ್ಗೆಯರ ಮೂರ್ತಿ ಕಂಡದ್ದೇ ತಡ, ಮಕ್ಕಳು ಯಾರೂ ಹೇಳದೆಯೇ ಬಾಗಿಲಲ್ಲಿ ಚಪ್ಪಲಿ ಕಳಚಿ ಸಾಲಾಗಿ ಇಟ್ಟರು. ಕಾವಲುಗಾರ, "ಯೇ ಮಂದಿರ್ ಹೈ ಕ್ಯಾ?" ಎಂದು ಗದರಿ ಬೂಟುಗಾಲಿನಿಂದ ಅವನ್ನು ಮೂಲೆಗೆ ತಳ್ಳಿದ. ನನ್ನ ಮೈ ಉರಿಯಿತು. ಆದರೂ ಜಗಳಕ್ಕೆ ನಿಲ್ಲದೆ ಮಕ್ಕಳನ್ನು ಒಳಗೆ ಕರೆದೊಯ್ದೆ.

ಹಾಲ್‌ನ ಕೊನೆಯಲ್ಲಿ, ಹಗ್ಗದ ಆಚೆ, ನನಗಿಂತ ಎತ್ತರದ ಒಂದು ವೀರಗಲ್ಲು. ನಮ್ಮ ರೇಣುಕಾ ಹಗ್ಗದಡಿ ನುಸುಳಿ ಅದರ ಮೇಲೆ ಅಂಗೈ ಇಟ್ಟಳು. ಎರಡು ವರ್ಷದಲ್ಲಿ ತರಗತಿಯಲ್ಲಿ ಒಮ್ಮೆಯೂ ತಾನಾಗಿ ಮಾತಾಡದ ಹುಡುಗಿ.

"ಟೀಚರ್, ಇಂಥಾ ಕಲ್ಲ ನಮ್ಮೂರಾಗೂ ಐತ್ರಿ. ಅಮಾಸಿಗೆ ನಮ್ಮಾಯಿ ಎಣ್ಣಿ ಹಚ್ತಾಳ್ರಿ. ಕೆಳಗ ಜಗಳ ಆಡಾಕತ್ತಾನ, ಮ್ಯಾಲ ಸ್ವರ್ಗಕ್ಕ ಹೋಗ್ಯಾನ, ನೋಡ್ರಿ!"

ಉಳಿದವರೆಲ್ಲ ಅವಳ ಸುತ್ತ ಮುಗಿಬಿದ್ದರು. ಪಾಠ ಎಂದರೆ ಅದು. ಅಷ್ಟರಲ್ಲಿ ಕಾವಲುಗಾರ ಓಡಿಬಂದು ಅವಳ ಕೈ ಹಿಡಿದೆಳೆದ. ಅಂಗೈ ಎಣ್ಣೆಯಿಂದ ಮಿನುಗುತ್ತಿತ್ತು. ಕಲ್ಲಿನ ನೆತ್ತಿಯಿಂದ ಎಣ್ಣೆ ಸಣ್ಣಗೆ ಇಳಿಯುತ್ತಿತ್ತು.

ಅವನು ಬಟ್ಟೆಯಿಂದ ಒರೆಸಿದ. ನೋಡುತ್ತಿದ್ದಂತೆಯೇ ಮತ್ತೆ ಒಸರಿತು. ಅವನ ಮುಖ ಬಿಳಿಚಿತು. ಆದರೆ ಅಧಿಕಾರಿಯೊಬ್ಬರು ಬಂದ ಕೂಡಲೇ ಬೆರಳು ತೋರಿಸಿದ್ದು ಹುಡುಗಿಯ ಕಡೆಗೆ. ಹದಿನಾರು ಚೀಲಗಳನ್ನು ನೆಲಕ್ಕೆ ಸುರಿಸಿದರು. ಪೆನ್ಸಿಲ್, ನೀರಿನ ಬಾಟಲಿ, ನೋಟ್‌ಬುಕ್. ಎಣ್ಣೆಯ ಹನಿಯೂ ಇರಲಿಲ್ಲ. ಅವಳ ಕೈ ಕಲ್ಲಿನ ನೆತ್ತಿಗೆ ಎಟುಕದು ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಷಮೆ ಕೇಳಿದರೆ ಬಿಡುತ್ತೇವೆ ಎಂದರು. ಆಗ ನಾನು ಮಾಡಿದ್ದನ್ನು ನೆನೆದರೆ ನನಗೇ ಹೇಸಿಗೆಯಾಗುತ್ತದೆ. "ಸಾರಿ ಹೇಳಿಬಿಡು ಮಗಾ, ಹೋಗುವ" ಎಂದೆ. ಅವಳು ಹೇಳಿದಳು.

ವಾಪಸು ಲೋಕಲ್‌ನಲ್ಲಿ ಅವಳ ಅಂಗೈ ಮೂಸಿ ನೋಡಿದೆ. ಅವರ ಊರ ಕಡೆ ಬಳಸುವ ಕುಸುಬೆ ಎಣ್ಣೆಯ ವಾಸನೆ, ಅನುಮಾನವೇ ಇಲ್ಲ. ಅವಳು ಕೈ ಎಳೆದುಕೊಂಡು ಕೇಳಿದಳು, "ನಾ ಹಚ್ಚಿಲ್ಲಂತ ನಿಮಗ ಗೊತ್ತಿತ್ತಲ್ರಿ ಟೀಚರ್?"

ಆಮೇಲೆ ಎಷ್ಟೋ ಯೋಚಿಸಿದೆ. ಮುಂಬೈಯ ತೇವಕ್ಕೆ ಕಲ್ಲು ಬೆವರುತ್ತದೆ, ಸರಿ. ಬೆವರಿದರೆ ನೀರು ಬರಬೇಕು. ಕಲ್ಲು ಕಾಪಾಡಲು ಏನಾದರೂ ಬಳಿದಿದ್ದರೇ ಎಂದು ಎರಡು ಸಲ ಮ್ಯೂಸಿಯಮ್ಮಿಗೆ ಪತ್ರ ಬರೆದೆ. ಮುಂದಿನ ಸಲ ಮುಂಗಡ ಅನುಮತಿ ಪಡೆದು ಬನ್ನಿ ಎಂಬ ಒಂದು ಸಾಲಿನ ಉತ್ತರ ಬಂತು, ಅಷ್ಟೆ. ಆ ಎಣ್ಣೆ ಎಲ್ಲಿಂದ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ. ರೇಣುಕಾ ಆ ವರ್ಷ ತರಗತಿಯಲ್ಲಿ ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು.