ಕಾಲು ಮುಟ್ಟಬೇಡಮ್ಮ

ಡಿಪೋದಲ್ಲಿ ಅವನನ್ನು ಗುಡುಗಪ್ಪ ಎಂದೇ ಕರೆಯುತ್ತಿದ್ದರು. ಬಸ್ಸಿನ ಹಾರನ್ನಿಗಿಂತ ಈ ಡ್ರೈವರ್ ಗಂಟಲೇ ಜೋರು. ಹೊತ್ತಿಗೆ ಮುಂಚೆ ಸಿಟ್ಟು, ಹೊತ್ತು ಮೀರಿದರೆ ಇನ್ನೂ ಸಿಟ್ಟು. ಕ್ಲಚ್ ತುಳಿದು ತುಳಿದು ಎಡಗಾಲು ಮರಗಟ್ಟಿಹೋಗಿತ್ತು. ಅಂಥವನನ್ನು ಹೆಂಡತಿಯ ತಮ್ಮ ವಿದೇಶ ಪ್ರವಾಸಕ್ಕೆ ಎಳೆತಂದಿದ್ದ. ತಂದವನು ಸುಮ್ಮನಿರಬಾರದೆ?

"ಭಾವ, ಇಲ್ಲಿಗೆ ಬಂದು ಮಸಾಜ್ ಮಾಡಿಸ್ಕೊಳ್ದೆ ಹೋದ್ರೆ ಬಂದಿದ್ದೇ ದಂಡ."

"ಕಂಡೋರು ನನ್ನ ಮೈ ಮುಟ್ಟೋದಾ? ನಡಿಯಯ್ಯ!"

ಭಾಮೈದ ಪ್ರಾಣ ತಿಂದ. ಕೊನೆಗೆ, ಕಾಲಿಗೆ ಮಾತ್ರ ಎಂಬ ಕರಾರಿನ ಮೇಲೆ ಗುಡುಗಪ್ಪ ಒಪ್ಪಿದ.

ಅಂಗಡಿಯೊಳಗೆ ಸಾಲಾಗಿ ಒರಗುಕುರ್ಚಿಗಳು, ಬಾಗಿಲ ಬಳಿ ಉದ್ದದ ಬೆಂಚು. ಕೆಲಸದ ಹೆಂಗಸರು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದರು. ಗಿರಾಕಿ ಸಿಕ್ಕರಷ್ಟೇ ಇವರಿಗೆ ಕೂಲಿ ಎಂದು ಗೈಡ್ ದಾರಿಯಲ್ಲೇ ಹೇಳಿದ್ದ. ಸರದಿ ಬಂದವಳು ಬಿಸಿನೀರಿನ ಟಬ್ಬು ಹಿಡಿದು ಬಂದಳು. ತಲೆಯೆಲ್ಲ ನರೆತಿತ್ತು, ಅವನ ತಾಯಿಯ ವಯಸ್ಸು. ಉಸ್ಸೆಂದು ನೆಲಕ್ಕೆ ಮಂಡಿಯೂರಿ ಅವನ ಪಾದಕ್ಕೆ ಕೈ ಹಾಕಿದಳು.

ಗುಡುಗಪ್ಪ ಸರಕ್ಕನೆ ಕಾಲೆಳೆದುಕೊಂಡ, ಕಾಲು ಟಬ್ಬಿಗೆ ಬಡಿಯಿತು. ನೀರು ಅವಳ ಸೆರಗೆಲ್ಲ... ಅಲ್ಲ, ಅವಳಿಗೆಲ್ಲಿಯ ಸೆರಗು, ಅಂಗಿಯೆಲ್ಲ ಒದ್ದೆಯಾಯಿತು.

"ಅಯ್ಯೋ, ಕಾಲು ಮುಟ್ಟಬೇಡಮ್ಮ! ಹೆತ್ತ ತಾಯಿ ಹಾಗಿದೀಯ!"

ಅವಳಿಗೆ ಕೇಳಿಸಿದ್ದು ಬರೀ ಗುಡುಗು. ಮಾಲೀಕ ಓಡಿಬಂದ, ಅವಳನ್ನೇ ಗದರಿದ, ಬೆಂಚಿನ ಕೊನೆಗೆ ಅಟ್ಟಿದ. ಹಲ್ಲುಕಿರಿದು ಒಬ್ಬ ಎಳೆಯ ಹುಡುಗಿಯನ್ನು ಕರೆದ.

ಭಾಮೈದ ಕಿಸಕ್ಕನೆ ನಕ್ಕ. "ವಯಸ್ಸಿನ ಹುಡುಗೀನೇ ಬೇಕು ಅಂತ ಮೊದ್ಲೇ ಹೇಳೋದಲ್ವಾ ಭಾವ?"

ಗುಡುಗಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಭಾಮೈದನ ಮೇಲೆ ಉರಿ, ಮಾಲೀಕನ ಹಲ್ಲಿನ ಮೇಲೆ ಉರಿ. ಬೆಂಚಿನ ಕೊನೆಯಲ್ಲಿ ಆ ಮುದುಕಿ ಕೆಂಪು ಮುಖ ಮಾಡಿಕೊಂಡು ಕೈ ಒರೆಸಿಕೊಳ್ಳುತ್ತಿದ್ದಳು. ಮರ್ಯಾದೆ ಕೊಡಲು ಹೋಗಿ ಅವಳ ಹೊಟ್ಟೆಯ ಮೇಲೆ ಹೊಡೆದಿದ್ದ. ಅದು ಹೊಳೆದ ಮೇಲಂತೂ ತನ್ನ ಮೇಲೆಯೇ ಎಲ್ಲಿಲ್ಲದ ಸಿಟ್ಟು ಬಂತು.

"ಏನಾದ್ರೂ ಟಿಪ್ಸ್ ಕೊಟ್ಟು ಹೋಗೋಣ ಬಿಡಿ," ಎಂದ ಭಾಮೈದ.

"ದುಡಿಯೋರಿಗೆ ಭಿಕ್ಷೆ ಹಾಕ್ತೀಯೇನೋ? ಮುಚ್ಚು ಬಾಯಿ!"

ಹುಡುಗಿಗೆ ಬೇಡವೆಂದು ಕೈಯಾಡಿಸಿ, ಬರಿಗಾಲಲ್ಲೇ ಎದ್ದುಹೋಗಿ ಮುದುಕಿಯ ಮುಂದೆ ನಿಂತ. ಕೈಮುಗಿದು, ಅವಳನ್ನೂ ಕುರ್ಚಿಯನ್ನೂ ತೋರಿಸಿದ. ಅವಳು ಮುಖ ತಿರುಗಿಸಿದಳು. ಅವನು ಕದಲಲಿಲ್ಲ. ಮಾಲೀಕ ಏನೋ ಅಂದಾಗ ಅವಳು ದಡಾರನೆ ಎದ್ದು ಬಂದಳು.

ಈ ಸಲ ತಾನಾಗಿಯೇ ಟಬ್ಬಿಗೆ ಕಾಲಿಟ್ಟ. ಸಂಕಟಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅವಳ ಹೆಬ್ಬೆರಳು ಅಂಗಾಲಿಗೆ ಇಳಿಯಿತು. ಅಬ್ಬಾ! ಕೂತ ಜಾಗದಲ್ಲೇ ಹಾರಿಬಿದ್ದ. ಕಣ್ಣು ಬಿಟ್ಟು ನೋಡಿದರೆ, ಹಲ್ಲು ಕಚ್ಚಿಕೊಂಡು ಒತ್ತುತ್ತಿದ್ದಳು. ಅವಳಿಗೆ ಕೆಂಡದಂಥ ಕೋಪ ಬಂದಿತ್ತು.

"ಸಾಕು ಅನ್ನಿ ಭಾವ, ಕಾಲು ಮುರಿದಾಳು!"

"ನೀನು ಸುಮ್ನಿರು," ಎಂದ ಗುಡುಗಪ್ಪ. ಅವಳತ್ತ ಬಗ್ಗಿ ಮೆಲ್ಲಗೆ ಹೇಳಿದ, "ಒತ್ತಮ್ಮ. ಇನ್ನೂ ಒತ್ತು."

ಮಾತು ಅವಳಿಗೆ ತಿಳಿಯಲಿಲ್ಲ. ಆದರೂ ಒತ್ತಿದಳು, ಮೊದಲಿಗಿಂತ ಜೋರಾಗಿ.