ಸಹಿಯ ಕೆಳಗಿನ ಚುಕ್ಕಿ

ಹೊಸಪೇಟೆಯಲ್ಲಿ ಕೊಟ್ರಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಿದ್ದರು. ‘ಲೆಟರ್ ಅಯ್ಯನೋರು’ ಎಂದರೆ ಸಾಕು, ಬಸ್‌ಸ್ಟ್ಯಾಂಡಿನ ಹಮಾಲರೂ ಕೈ ಮಾಡಿ ದಾರಿ ತೋರಿಸುತ್ತಿದ್ದರು. ನಮ್ಮ ಭಾಗದ ಶಾಸಕರ ಆಫೀಸಿನಲ್ಲಿ ಹದಿನೆಂಟು ವರ್ಷ ಶಿಫಾರಸು ಪತ್ರ ಬರೆದವರು ಅವರು. ಶಾಸಕರನ್ನು ಊರೆಲ್ಲ ‘ಧಣಿ’ ಅನ್ನುತ್ತಿತ್ತು. ಧಣಿ ಈಗಿಲ್ಲ. ಆಫೀಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ನಾನು ಆ ಅಂಗಡಿಯ ಬೋರ್ಡು ನೋಡಿ ಸುಮ್ಮಸುಮ್ಮನೆ ಸಿಡುಕುತ್ತೇನೆ.

ನಾನು ಶೈಲಜಾ, ಸಂಡೂರಿನ ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ತರಬೇತಿ ಅಧಿಕಾರಿ. ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮಕ್ಕಳು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ವೈರು ಮುಟ್ಟುವ ಮಕ್ಕಳನ್ನು ಬೈಯದೆ ಮುದ್ದು ಮಾಡಲಿಕ್ಕಾಗುತ್ತದೆಯೇ? ಈ ಕುರ್ಚಿ ನನಗೆ ಸಿಕ್ಕಿದ್ದು ಅಯ್ಯನೋರ ಪೆನ್ನಿನಿಂದ ಬಿದ್ದ ಒಂದು ಚುಕ್ಕಿಯಿಂದ. ಆ ಚುಕ್ಕಿ ನಿಜಕ್ಕೂ ಯಾರಿಗೆ ಸೇರಬೇಕಾಗಿತ್ತು ಎಂಬುದು ನನಗೆ ಗೊತ್ತಾದದ್ದು ಮಾತ್ರ ಈ ವರ್ಷ.

ಧಣಿಗೆ ಒಂದೇ ಹುಚ್ಚು. ನಮ್ಮ ಹುಡುಗರು ಓದಬೇಕು, ಓದಿದವರಿಗೆ ಕೆಲಸ ಸಿಗಬೇಕು. ಬೆಂಗಳೂರಿಗೆ ಓಡಾಡಿ ಹಾಸ್ಟೆಲ್ ತಂದರು, ಕಂಪ್ಲಿ ಕಡೆಗೆ ರಸ್ತೆ ಮಾಡಿಸಿದರು, ಗಣಿಯವರ ಬೆನ್ನು ಹತ್ತಿ ಹೊಸಪೇಟೆಯಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ತರಬೇತಿ ಕೇಂದ್ರ ತೆರೆಸಿದರು. ಎಷ್ಟಾದರೂ ರಾಜಕಾರಣಿ, ಬಾಗಿಲಿಗೆ ಬಂದವರಿಗೆ ‘ಇಲ್ಲ’ ಅನ್ನುವ ಹಾಗಿರಲಿಲ್ಲ. ಬಂದವರಿಗೆಲ್ಲ ಪತ್ರ ಕೊಡುತ್ತಿದ್ದರು. ಇಪ್ಪತ್ತು ಸೀಟಿಗೆ ಇನ್ನೂರು ಪತ್ರ ಹೋದರೆ ಪ್ರಿನ್ಸಿಪಾಲರು ಯಾರಿಗಂತ ಕೊಡಬೇಕು?

ಅದಕ್ಕೇ ಚುಕ್ಕಿ. ಸಹಿಯ ಕೆಳಗೆ ಹಸಿರು ಇಂಕಿನ ಸಣ್ಣ ಚುಕ್ಕಿ ಇದ್ದರೆ ಕೆಲಸ ಮಾಡಿಕೊಡಿ ಎಂದರ್ಥ. ಇಲ್ಲದಿದ್ದರೆ ಕೂರಿಸಿ, ಮಾತಾಡಿಸಿ, ಚಹಾ ಕುಡಿಸಿ ಕಳಿಸಿ ಎಂದರ್ಥ. ಪತ್ರ ಹಿಡಿದು ಹೋಗುವವರಿಗೆ ಈ ಗುಟ್ಟು ಗೊತ್ತಿರಲಿಲ್ಲ; ನನಗೂ ಅಯ್ಯನೋರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಗೊತ್ತಿದ್ದದ್ದು ಧಣಿಗೆ, ಅಧಿಕಾರಿಗಳಿಗೆ, ಮತ್ತು ಬರೆಯುವ ಅಯ್ಯನೋರಿಗೆ.

ಒಮ್ಮೆ ಕಮಲಾಪುರದ ಮುದುಕಮ್ಮ ಎಂಬ ವಿಧವೆ ಮಗನ ಕೆಲಸಕ್ಕೆ ಪತ್ರ ಬರೆಸಿಕೊಂಡಳು. ಚುಕ್ಕಿ ಇಲ್ಲದ ಪತ್ರ. ಮರುದಿನ ಒಂದು ಚಿಪ್ಪು ಬಾಳೆಹಣ್ಣು ತಂದು ಅಯ್ಯನೋರ ಕಾಲಿಗೆ ಬಿದ್ದು, ‘ನಿಮ್ಮಿಂದ ನನ್ನ ಮಗ ದಡ ಹತ್ತಿದ’ ಅಂದಳು. ಅಯ್ಯನೋರಿಗೆ ಅವತ್ತು ಊಟ ಸೇರಲಿಲ್ಲವಂತೆ. ಅವಳಿಗೆ ಇನ್ನೊಂದು ಪತ್ರ ಬರೆದು, ತಾವೇ ಚುಕ್ಕಿ ಇಟ್ಟು ಕಳಿಸಿದರು. ವಾರದೊಳಗೆ ಸುದ್ದಿ ಧಣಿಗೆ ಮುಟ್ಟಿತು.

“ಅಯ್ಯನೋರ, ಈ ಚುಕ್ಕಿ ನಂದಲ್ಲ.”

“ಹೌದ್ರಿ ಧಣೇರ. ನಂದು.”

ಧಣಿ ಬಾಯಲ್ಲಿದ್ದ ಎಲೆಅಡಿಕೆ ಜಗಿದು ಮುಗಿಸಿದರು. ಆಮೇಲೆ, “ದಿನಕ್ಕ ಒಂದು ಇಡ್ರಿ. ಎರಡನೇದು ಇಟ್ರಿ ಅಂದ್ರ ಮನಿಗೆ ಹೋಗಬೇಕಾಗ್ತದ ನೋಡ್ರಿ,” ಅಂದರು.

ಎಂಥ ಭಾಗ್ಯ ಎಂದು ನಿಮಗನಿಸಬಹುದು. ಭಾಗ್ಯ ಅಲ್ಲ, ಕರ್ಮ! ದಿನಕ್ಕೆ ನಲವತ್ತು ಮಂದಿ, ಚುಕ್ಕಿ ಒಂದೇ. ಬೆಳಿಗ್ಗೆ ಇಟ್ಟುಬಿಟ್ಟರೆ ಮಧ್ಯಾಹ್ನ ಬಂದವರ ಗತಿ? ಇಡದೆ ಕಾದರೆ ಬೆಳಿಗ್ಗೆ ಬಂದವರ ಪಾಪ ಯಾರಿಗೆ? ಅದಕ್ಕೇ ಅವರು ಯಾವಾಗಲೂ ಸಿಡಿಮಿಡಿ ಅನ್ನುತ್ತಿದ್ದರು. ಜನ ಅದನ್ನು ಸೊಕ್ಕು ಅಂದುಕೊಂಡಿದ್ದರು.

ನಾನು ಅಲ್ಲಿಗೆ ಹೋದದ್ದು ತೊಂಬತ್ತೈದರ ಜುಲೈನಲ್ಲಿ, ಅರ್ಜಿಯ ಕೊನೆಯ ದಿನ. ನಮ್ಮಪ್ಪ ತಾಯಪ್ಪ ಸಂಡೂರಿನ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಿದ್ದ. ತರಬೇತಿ ಕೇಂದ್ರದಲ್ಲಿ ಸೀಟು ಸಿಗದಿದ್ದರೆ ಸೋಮವಾರದಿಂದ ಅವ್ವನ ಜೊತೆ ಅದಿರು ಒಡೆಯಲು ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನ್ನ ಪಾಲಿನ ಸುತ್ತಿಗೆಯೂ ಬಂದು ಮೂಲೆಯಲ್ಲಿ ಕೂತಿತ್ತು.

ಅಯ್ಯನೋರು ಕನ್ನಡಕದ ಮೇಲಿಂದ ನೋಡಿದರು. “ಎಷ್ಟು ಬಂದಾವ ತಂಗಿ?”

“ನೂರಕ್ಕ ಐವತ್ತೊಂದ್ರಿ.”

“ಇಷ್ಟ?”

“ಚಿಮಣಿ ಬುಡ್ಡಿ ಬೆಳಕಿನಾಗ ಇಷ್ಟ ಬರ್ತಾವ್ರಿ,” ಅಂದೆ.

“ಏಯ್, ಬಾಯಿ ಮುಚ್ಚಲೇ!” ಅಪ್ಪ ಗದರಿದ. “ತಪ್ಪಾತ್ರಿ ಅಯ್ಯನೋರ, ಸಣ್ಣಾಕಿ.”

“ಇರ್ಲಿ ಬಿಡು ತಾಯಪ್ಪ. ಕರೆಂಟ್ ಕೆಲಸ ಯಾಕ ಬೇಕವ್ವ ನಿನಗ?”

“ನಮ್ಮ ಮನಿಗೆ ಕರೆಂಟ್ ನಾನ ಹಾಕ್ತೀನ್ರಿ.”

ಅವರು ನಕ್ಕರು. ಹೊರಗೆ ಬೆಂಚಿನ ಮೇಲೆ ನನ್ನ ವಯಸ್ಸಿನ ಹುಡುಗಿಯೊಬ್ಬಳು ಎರಡು ಜಡೆ ಹಾಕಿಕೊಂಡು ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತ ಕೂಡಲೇ ಒಂದು ಮಿರ್ಚಿ ಮುರಿದು ಅರ್ಧ ಕೊಟ್ಟಳು. “ಒಳಗ ಪತ್ರ ಬರೀತಾರಲ್ಲ, ನಮ್ಮಪ್ಪ,” ಎಂದು ಪಿಸುಗುಟ್ಟಿದಳು. ಹೆಸರು ಸುನಿತಾ. ಅವಳೂ ಅದೇ ಸೀಟಿಗೆ ಬಂದವಳು. ನಾವಿಬ್ಬರೂ ಒಟ್ಟಿಗೇ ಬಸ್ಸಿನಲ್ಲಿ ಓಡಾಡೋಣ, ಒಂದೇ ಬೆಂಚಿನಲ್ಲಿ ಕೂರೋಣ ಎಂದು ಮಾತಾಡಿಕೊಂಡೆವು.

ನನಗೆ ಸೀಟು ಸಿಕ್ಕಿತು. ಸುನಿತಾ ಬರಲೇ ಇಲ್ಲ. ಅಪ್ಪನ ಜೊತೆ ಪೇಡೆ ಹಿಡಿದು ಹೋದ ದಿನ ಅಯ್ಯನೋರನ್ನು ಕೇಳಿದೆ. “ಆಕಿಗೆ ಮನಸಿಲ್ಲವ್ವ,” ಅಂದರು, ಗೋಡೆಯ ಕಡೆ ನೋಡುತ್ತಾ. ನಾನು ನಂಬಿದೆ. ಹದಿನಾರು ವರ್ಷದವಳು ಇನ್ನೇನು ಮಾಡಲಿ?

ಕೆಲಸ ಸಿಕ್ಕ ವರ್ಷ ಮನೆಗೆ ನಾನೇ ವೈರಿಂಗ್ ಮಾಡಿದೆ. ಮೊದಲ ಬಲ್ಬು ಹತ್ತಿದ ಸಂಜೆ ಅಯ್ಯನೋರು ಕಮಲಾಪುರದಿಂದ ಬಾಳೆಗೊನೆ ಹೊತ್ತು ತಂದಿದ್ದರು. ಸ್ವಿಚ್ಚು ಒತ್ತುವುದು, ಆರಿಸುವುದು, ಮತ್ತೆ ಒತ್ತುವುದು. ಅವ್ವ ನಗುತ್ತಾ, “ಸಾಕ್ರಿ ಅಯ್ಯನೋರ, ಬಲ್ಬು ಸುಟ್ಟೀತು,” ಎಂದದ್ದು ಈಗಲೂ ಕಿವಿಯಲ್ಲಿದೆ. ಹಂಪಿಯ ಗೈಡ್ ಹೊನ್ನೂರುಸ್ವಾಮಿ, ಕಂಪ್ಲಿಯ ನರ್ಸ್ ತುಳಸಿ, ನಾನು, ಹೀಗೆ ಎಷ್ಟೋ ಜನ ಅವರ ಚುಕ್ಕಿಯ ಮಕ್ಕಳು. ಸಿಕ್ಕಾಗಲೆಲ್ಲ ಅದೇ ಮಾತು. ಆ ಕಾಲ ಎಷ್ಟು ಚೆನ್ನಾಗಿತ್ತು, ಕಣ್ಣು ನೋಡಿ ಕಷ್ಟ ತಿಳಿಯುವವರಿದ್ದರು, ಈಗೇನಿದೆ, ಬರೀ ಕಂಪ್ಯೂಟರ್ ಎಂದು ನಾನೂ ಹೇಳುತ್ತಿದ್ದೆ. ಈ ಜುಲೈ ತನಕ ಹೇಳುತ್ತಿದ್ದೆ.

ಈ ಜುಲೈನಲ್ಲಿ ನನ್ನ ವಿಭಾಗದಲ್ಲಿ ಒಂದೇ ಒಂದು ಸೀಟು ಉಳಿದಿತ್ತು. ಅಂಕಗಳ ಪ್ರಕಾರ ಕೊನೆಯ ಪಟ್ಟಿ ಮಧ್ಯಾಹ್ನ ಬರುವುದಿತ್ತು. ಹನ್ನೆರಡು ದಾಟುವ ಹೊತ್ತಿಗೆ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತಳು.

“ಗುರ್ತು ಸಿಗ್ಲಿಲ್ಲೇನ್ರಿ ಮೇಡಂ? ಅರ್ಧ ಮಿರ್ಚಿ ಕೊಟ್ಟಿದ್ದೆ ನಿಮಗ.”

“ಸುನಿತಾ!” ಎದ್ದೇಬಿಟ್ಟೆ.

ಕಂಪ್ಲಿಯ ಅಕ್ಕಿ ಗಿರಣಿಯ ಮುರುಗೇಶನನ್ನು ಮದುವೆಯಾಗಿದ್ದಳು. ಮಗಳು ಸ್ಫೂರ್ತಿ ಎಲೆಕ್ಟ್ರಿಷಿಯನ್ ಸೀಟಿಗೆ ಅರ್ಜಿ ಹಾಕಿದ್ದಳು. ಅಯ್ಯನೋರೂ ಹಠ ಹಿಡಿದು ಬಂದಿದ್ದರು. ಎಂಬತ್ತು ದಾಟಿದ ಕಾಲು, ಗೇಟಿನ ಹತ್ತಿರದ ಕಟ್ಟೆಯ ಮೇಲೆ ಸುಧಾರಿಸಿಕೊಳ್ಳುತ್ತಿದ್ದರು. ಸ್ಫೂರ್ತಿ ನೋಟಿಸ್ ಬೋರ್ಡಿನ ಕಡೆ ಹೋದಳು.

“ಮಗಳಿಗಾದರೂ ಮನಸ್ಸಾಯಿತಲ್ಲ. ನಿನಗೆ ಅವತ್ತು ಮನಸ್ಸಿರಲಿಲ್ಲವಂತೆ,” ಅಂದೆ ತಮಾಷೆಗೆ.

ಅವಳ ಮುಖ ಬದಲಾಯಿತು. “ಹಂಗಂತ ಯಾರಂದ್ರು? ಅಪ್ಪನಾ?” ಕುರ್ಚಿ ಎಳೆದುಕೊಂಡು ಕೂತಳು. “ಧಣೇರು ಅವತ್ತು ಬೆಂಗಳೂರಿನಾಗಿದ್ರು. ಸಹಿ ಹಾಕಿದ ಖಾಲಿ ಹಾಳಿ ಬಿಟ್ಟುಹೋಗಿದ್ರು. ಇದ್ದ ಒಂದು ಚುಕ್ಕಿ ಅಪ್ಪ ನಿಮಗಿಟ್ಟ. ನನ್ನ ಮಗಳಿಗೆ ಚುಕ್ಕಿ ಯಾಕ, ಪ್ರಿನ್ಸಿಪಾಲ್ರು ದಿನಾ ನನ್ನ ಕೂಡ ಚಹಾ ಕುಡೀತಾರ ಅಂತಂದ. ಆ ವಾರನ ಪ್ರಿನ್ಸಿಪಾಲ್ರು ಬದಲಾಗಿದ್ರು, ಅಪ್ಪಗ ಗೊತ್ತಿರ್ಲಿಲ್ಲ. ಹೊಸಬ್ರು ಪತ್ರ ತಿರುವಿ ನೋಡಿ ನನಗ ಚಹಾ ಕುಡಿಸಿ ಕಳಿಸಿದ್ರು.”

“ಧಣಿಗೆ ಹೇಳಲಿಲ್ಲವಾ?”

“ಹೇಳ್ದ. ಯಾರ ಹೆಸರು ತಗೀಲಿ ಹೇಳ್ರಿ ಅಂದ್ರಂತ. ಅಪ್ಪ ಬ್ಯಾಡ ಅಂದು ಎದ್ದು ಬಂದ. ನನಗ ಅರವತ್ತೆರಡು ಬಂದಿದ್ವು ಮೇಡಂ.”

ಅರವತ್ತೆರಡು. ನನ್ನದು ಐವತ್ತೊಂದು. ನಾನು ಬೈಯುತ್ತಿದ್ದ ಈ ಕಂಪ್ಯೂಟರ್ ಪಟ್ಟಿ ಅವತ್ತು ಇದ್ದಿದ್ದರೆ ಸೀಟು ಅವಳದು, ಸುತ್ತಿಗೆ ನನ್ನದು. ನನಗೆ ನಾಚಿಕೆಯಾಯಿತು, ಅಳು ಬಂತು. ಇಷ್ಟು ವರ್ಷ ಇವಳ ಕುರ್ಚಿಯಲ್ಲಿ ಕೂತು ಸಿಡುಕಿದ್ದೆನಲ್ಲ!

“ನನ್ನ ಮೇಲೆ ಸಿಟ್ಟಿಲ್ಲವಾ ಸುನಿತಾ?”

“ನಿಮ್ಮ ಮ್ಯಾಲೆ ಯಾಕ್ರಿ? ಗಿರಣಿ ಮೋಟ್ರು ಕೆಟ್ರ ನಾನ ಬಿಚ್ಚಿ ಕೂಡಸ್ತೀನಿ, ಕೈಯಾಗ ವಿದ್ಯೆ ಐತಿ. ಸಿಟ್ಟು ಅಪ್ಪನ ಮ್ಯಾಲೆ. ಊರ ಮಂದಿಗೆಲ್ಲ ಇಟ್ಟ, ನನಗೊಂದು ಇಡ್ಲಿಲ್ಲಲ್ಲ.”

ಅಷ್ಟರಲ್ಲಿ ಅಯ್ಯನೋರು ಕೋಲೂರಿಕೊಂಡು ಬಂದರು. ಕೂತವರೇ ಅಂಗಿಯ ಜೇಬಿನಿಂದ ಮಡಚಿದ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಬಿಳಿ ಹಾಳೆ, ನಡುಗಿದರೂ ಮುತ್ತಿನಂಥ ಅಕ್ಷರ. ‘ಮಾನ್ಯ ಶೈಲಜಾ ಅವರಲ್ಲಿ ವಿನಂತಿ’ ಎಂದು ಶುರು. ಕೊನೆಯಲ್ಲಿ ಅವರದೇ ಸಹಿ. ಸಹಿಯ ಕೆಳಗೆ ಹಸಿರು ಚುಕ್ಕಿ. ಹಾಳೆ ತೂತು ಬೀಳುವಷ್ಟು ಒತ್ತಿ ಇಟ್ಟಿದ್ದರು.

“ಈ ಸಲ ಇಟ್ಟೀನವ್ವ,” ಅಂದರು. ಹೇಳಿದ್ದು ನನಗಲ್ಲ, ನೋಡಿದ್ದು ಸುನಿತಾಳನ್ನು.

ಆಗಲೇ ಸ್ಫೂರ್ತಿ ಓಡಿ ಬಂದಳು. “ಅಜ್ಜಾ, ಬಂತು! ನನ್ನ ಹೆಸ್ರು ಬಂತು!”

“ಯಾರು ಫೋನ್ ಮಾಡಿದ್ರು?”

“ಯಾರೂ ಮಾಡಿಲ್ಲಜ್ಜಾ. ಮಾರ್ಕ್ಸ್ ನೋಡಿ ಕೊಟ್ಟಾರ.”

“ಬರೇ ಮಾರ್ಕ್ಸ್ ನೋಡಿ?” ಅಯ್ಯನೋರು ಮೊಮ್ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಮೇಜಿನ ಮೇಲಿನ ಪತ್ರಕ್ಕೆ ಕೈ ಚಾಚಿದರು. “ಹಂಗಾದ್ರ ಇದು ಬ್ಯಾಡಾತಲ್ಲ. ಹರಿದು ಹಾಕ್ತೀನಿ.”

ಅವರ ಕೈ ಮುಟ್ಟುವ ಮೊದಲೇ ಸುನಿತಾ ಪತ್ರ ಎತ್ತಿಕೊಂಡಳು.

“ಯಾಕ ಹರೀತಿ? ಇದು ನಂದು,” ಅಂದಳು. ಚುಕ್ಕಿಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ, ನಾಲ್ಕು ಮಡಿಕೆ ಮಾಡಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ಅಪ್ಪನ ತೋಳು ಹಿಡಿದು ಎಬ್ಬಿಸಿದಳು. “ನಡಿ ಅಪ್ಪ. ಹಸಿವಾಗೇತಿ.”